ಹಗಲು ಹೊತ್ತು ಮಲಗುವ ಸೊಸೆ

ಗುಬ್ಬಿಯ ನಮ್ಮ ಬೀದಿಯಲ್ಲಿ ಯಾರನ್ನು ನಿಲ್ಲಿಸಿ ಕೇಳಿದರೂ ‘ಆ ಹಗಲೊತ್ತು ಮಲಗೋ ತಿಪ್ಪಮ್ಮನಾ’ ಅಂದು ನನ್ನ ಮನೆ ತೋರಿಸುತ್ತಿದ್ದರು. ಆ ಬಿರುದು ಕೊಟ್ಟವರು ನಮ್ಮತ್ತೆ ಚಿಕ್ಕಗಂಗಮ್ಮ. ನೀರಿನ ನಲ್ಲಿ ಹತ್ತಿರ, ಹಿಟ್ಟಿನ ಗಿರಣಿ ಹತ್ತಿರ, ನೆಂಟರ ಮದುವೆಯ ಊಟದ ಪಂಕ್ತಿಯಲ್ಲಿ, ಎಲ್ಲೆಲ್ಲಿ ನಾಲ್ಕು ಕಿವಿ ಸಿಕ್ಕವೋ ಅಲ್ಲೆಲ್ಲ ಅವರು ಹಂಚಿಕೊಂಡು ಬಂದರು. ಹೌದು, ಮಲಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ನಮ್ಮ ಕಡೆ ಸೊಸೆಯಾದವಳು ಹಗಲಿನಲ್ಲಿ ಚಾಪೆ ಬಿಡಿಸುವ ಹಾಗಿಲ್ಲ. ಬಾಣಂತಿಗೆ ರಿಯಾಯಿತಿ ಉಂಟು, ಮೈ ಸುಡುವ ಜ್ವರ ಬಂದವಳಿಗೆ ಉಂಟು. ಅತ್ತೆ ನಿಂತಿದ್ದರೆ ಸೊಸೆ ನಿಂತಿರಬೇಕು. ಅತ್ತೆ ಕೂತರೆ ಸೊಸೆ ಅಡುಗೆಮನೆಯ ಬಾಗಿಲ ಒಳಗೆ ಕೂರಬಹುದು. ಅತ್ತೆ ಮಲಗಿದರೆ ಸೊಸೆ ಪಾತ್ರೆ ತೊಳೆಯಬಹುದು. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ತಪ್ಪಿದವಳನ್ನು ಯಾರೂ ಬಿಟ್ಟದ್ದೂ ಇಲ್ಲ.

ನನ್ನ ತೊಂದರೆ ಏನೆಂದರೆ, ನಿಂತರೆ ಉಸಿರು ಸಾಲುತ್ತಿರಲಿಲ್ಲ. ಒಲೆಯ ಮುಂದೆ ನಿಂತು ಮುದ್ದೆ ತಿರುವುವಾಗ ಕಣ್ಣು ಮಂಜಾಗುತ್ತಿತ್ತು, ತುಟಿ ನೇರಳೆಹಣ್ಣು ತಿಂದವಳ ಹಾಗೆ ಆಗುತ್ತಿತ್ತು. ಬೆರಳ ತುದಿಗಳು ಉಬ್ಬಿ ಉಗುರುಗಳು ಗುಂಡಗೆ ಬಾಗಿಕೊಂಡಿದ್ದವು. ಅದೇ ನೆಲದ ಮೇಲೆ ಅಂಗಾತ ಮಲಗಿದರೆ ಐದು ನಿಮಿಷಕ್ಕೆ ಉಸಿರು ತಾನಾಗಿ ಹಿಂದಕ್ಕೆ ಬರುತ್ತಿತ್ತು. ಉಬ್ಬಸದವರನ್ನು ನೋಡಿದ್ದೀರಲ್ಲ, ಅವರು ಎದ್ದು ಕೂತು ಉಸಿರಾಡುತ್ತಾರೆ. ನನ್ನದು ತಿರುಗಾಮುರುಗ. ಕೆಲಸ ಬಂದಾಗ ಏದುಸಿರು, ಮಲಗಿದ ತಕ್ಷಣ ಆರಾಮ. ಇದನ್ನು ಯಾವ ಅತ್ತೆ ನಂಬುತ್ತಾಳೆ ಹೇಳಿ. ನಾನೇ ಅತ್ತೆಯಾಗಿದ್ದರೂ ನಂಬುತ್ತಿರಲಿಲ್ಲವೇನೋ.

ಇನ್ನೊಂದು, ನಮ್ಮ ಮನೆತನದ ಮೂಗು. ನನ್ನ ತವರು ಕುಣಿಗಲ್ ತಾಲ್ಲೂಕು, ಯಡಿಯೂರಿಗೆ ಒಂದು ಗಾವುದ ಈಚೆ. ಅವ್ವನ ಮೂಗಿನಲ್ಲಿ ಆಗಾಗ ರಕ್ತ ಸುರಿಯುತ್ತಿತ್ತು, ನನಗೂ ಸುರಿಯುತ್ತಿತ್ತು, ನನಗಿಂತ ಏಳು ವರ್ಷಕ್ಕೆ ಚಿಕ್ಕವಳಾದ ತಂಗಿ ಚೆನ್ನಮ್ಮನಿಗೂ ಸುರಿಯುತ್ತಿತ್ತು. ಅಪ್ಪ ‘ಉಷ್ಣ’ ಅನ್ನುತ್ತಿದ್ದ. ನೆತ್ತಿಗೆ ಹರಳೆಣ್ಣೆ ಒತ್ತಿ, ಮಜ್ಜಿಗೆ ಕುಡಿಸಿ ಕೂರಿಸುತ್ತಿದ್ದ. ಅವ್ವ ಮೂವತ್ತನಾಲ್ಕಕ್ಕೆ ಹೋದಳು. ಅವರೆಕಾಯಿ ಸುಲಿಯುತ್ತಾ ಮಾತಾಡುತ್ತಿದ್ದವಳು ಮಾತಿನ ನಡುವೆ ವಾಲಿದಳು, ಒಂದು ಕೈ ಒಂದು ಕಾಲು ಬಿದ್ದುಹೋಯಿತು, ಮೂರನೆಯ ದಿನ ಉಸಿರು ನಿಂತಿತು. ಗಾಳಿ ಸೋಕಿತು ಅಂದರು. ನನಗಾಗ ಹನ್ನೆರಡು, ಚೆನ್ನಿಗೆ ಐದು.

ಮದುವೆಯಾಗಿ ಎರಡು ವರ್ಷಕ್ಕೆ ಉಸಿರಿನ ಕಾಟ ಜಾಸ್ತಿಯಾಯಿತು. ಒಬ್ಬ ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸಿ, ಬಲಗಡೆ ಕೆಳಗೆ ಒಂದು ದುಂಡನೆ ನೆರಳು ನೋಡಿ, ಟಿ.ಬಿ. ಅಂದರು. ಒಂದೂವರೆ ವರ್ಷ ಸೂಜಿ, ಮಾತ್ರೆ. ತಟ್ಟೆ ಬೇರೆ, ಲೋಟ ಬೇರೆ. ನೆರಳು ಇದ್ದಲ್ಲೇ ಇತ್ತು. ಎರಡು ವರ್ಷ ಮೂರು ಡಾಕ್ಟರ ಮುಂದೆ ಕೂತೆ, ಒಬ್ಬರಿಗೂ ಮಲಗಿದರೆ ಆರಾಮಾಗುತ್ತದೆ ಅನ್ನುವ ಮಾತನ್ನು ಹೇಳಲಿಲ್ಲ. ಅತ್ತೆ ಪ್ರತಿ ಸಲ ಪಕ್ಕದಲ್ಲೇ ಕೂತಿರುತ್ತಿದ್ದರು. ಅವರೆದುರು ಆ ಮಾತು ಆಡುವುದೂ, ನಾನು ಸೋಂಬೇರಿ ಅಂತ ಸಹಿ ಹಾಕಿಕೊಡುವುದೂ ಒಂದೇ ಆಗಿತ್ತು. ನನ್ನ ಬಾಯಿ ಜೋರು ಅನ್ನುತ್ತಾರೆ. ಆಡಬೇಕಾದ ಮಾತಿಗೆ ಮಾತ್ರ ಬಾಯಿ ಬರಲಿಲ್ಲ, ಅದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಎಂಬತ್ನಾಲ್ಕನೆಯ ಇಸವಿ, ಆಷಾಢ ಕಳೆದ ಮೇಲೆ ಚೆನ್ನಿಯಿಂದ ಒಂದು ಇನ್‌ಲ್ಯಾಂಡ್ ಕಾಗದ ಬಂತು. ಅವಳು ಕುಣಿಗಲ್ಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿಕೊಂಡವಳು, ಅಕ್ಷರ ಮುದ್ದಾಗಿವೆ. ಬರೆದದ್ದು ಮುದ್ದಾಗಿರಲಿಲ್ಲ. ನಮ್ಮತ್ತೆ ನನಗೆ ಸುಳಿವು ಕೊಡದೆ ತವರಿಗೆ ಹೋಗಿ, ಎಲೆ ಅಡಿಕೆ ಇಟ್ಟು, ಚೆನ್ನಿಯನ್ನು ನನ್ನ ಗಂಡನಿಗೇ ಕೇಳಿದ್ದರು. ದೊಡ್ಡವಳು ಕೆಲಸಕ್ಕೆ ಬರಲಿಲ್ಲ, ಮಕ್ಕಳೂ ಆಗಲಿಲ್ಲ, ಚಿಕ್ಕವಳನ್ನು ಕೊಡಿ, ಅಕ್ಕತಂಗಿ ಆದರೆ ಜಗಳ ಇರುವುದಿಲ್ಲ, ದೊಡ್ಡವಳಿಗೂ ಒಂದು ಮೂಲೆ ಇರುತ್ತದೆ ಅಂದಿದ್ದರಂತೆ. ತುಮಕೂರಿನ ದೊಡ್ಡ ಡಾಕ್ಟರು ನನಗೆ ವಾಸಿಯಾಗಲ್ಲ ಅಂದುಬಿಟ್ಟರೆ ಮಾರ್ಗಶಿರದಲ್ಲಿ ಧಾರೆ. ಅಪ್ಪ ಹೂಂ ಅಂದಿದ್ದ. ‘ನಾನು ಏನು ಮಾಡ್ಲಿ ಅಕ್ಕಾ’ ಅಂತ ಕಾಗದದ ಕೊನೆಗೆ ಬರೆದಿದ್ದಳು.

ಗಂಡ ಲಕ್ಷ್ಮೀನರಸಿಂಹಯ್ಯ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಕೆಟ್ಟವರಲ್ಲ. ಅವರ ತಾಯಿಯ ಎದುರು ನಾಲಗೆ ಇಲ್ಲದವರು, ಅಷ್ಟೇ. ಸಂಜೆ ಬಂದವರ ಮುಂದೆ ಕಾಗದ ಹಿಡಿದೆ.

“ಇದು ನಿಜವಾ?”

“ಅವ್ವ ಕೇಳ್ಕೊಂಡ್ ಬಂದೈತೆ. ನಾನೇನೂ ಅಂದಿಲ್ಲ.”

“ಬೇಡ ಅಂತ ಅಂದ್ರಾ?”

“ಬೇಡ ಅಂತಾನೂ ಅಂದಿಲ್ಲ.”

ಆ ಉತ್ತರಕ್ಕೆ ಲಟ್ಟಣಿಗೆ ತೆಗೆದುಕೊಳ್ಳಬೇಕಿತ್ತು. ಆದರೆ ನಿಂತು ಜಗಳವಾಡುವ ಉಸಿರು ನನ್ನಲ್ಲಿರಲಿಲ್ಲ. ಅಲ್ಲೇ ನಡುಮನೆಯಲ್ಲಿ, ಅತ್ತೆಯ ಕಣ್ಣೆದುರಿಗೇ, ಚಾಪೆ ಬಿಡಿಸಿ ಮಲಗಿ ಹೇಳಿದೆ. “ದೊಡ್ಡ ಡಾಕ್ಟ್ರ ಹತ್ರ ನಾಳೇನೇ ಹೋಗಾಣ. ವಾಸಿಯಾಗಲ್ಲ ಅಂತ ಅವರ ಬಾಯಿಂದ ನಾನೂ ಕೇಳ್ಬೇಕು.”

ಆ ದೊಡ್ಡ ಡಾಕ್ಟರು ಸುಬ್ಬಕೃಷ್ಣ ಅಂತ, ತುಮಕೂರಿನಲ್ಲಿ ಹೊಸದಾಗಿ ಕ್ಲಿನಿಕ್ ಇಟ್ಟಿದ್ದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಅವರು ನನ್ನನ್ನು ಕೇಳಿದ ಪ್ರತಿ ಪ್ರಶ್ನೆಗೂ ಅತ್ತೆ ಉತ್ತರ ಕೊಟ್ಟರು. ಊಟ ಸೇರುತ್ತದಾ, ಸೇರುತ್ತದೆ. ಕೆಮ್ಮು ಇದೆಯಾ, ಬೇಕಾದಾಗ ಬರುತ್ತದೆ. ನಾಲ್ಕು ಪ್ರಶ್ನೆ ಆದ ಮೇಲೆ ಡಾಕ್ಟರು ಪೆನ್ನು ಮುಚ್ಚಿದರು.

“ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತಿರಿ. ನಿಮ್ಮನ್ನ ಆಮೇಲೆ ಪರೀಕ್ಷೆ ಮಾಡ್ತೀನಿ.”

ಅತ್ತೆ ಹೋದರು. ಡಾಕ್ಟರು ನನ್ನ ಕಡೆ ತಿರುಗಿ, “ಏನು ಮಾಡಿದ್ರೆ ಸುಸ್ತು ಕಮ್ಮಿ ಆಗುತ್ತೆ, ಹೇಳಿ” ಅಂದರು.

ನನಗೆ ಎಲ್ಲಿತ್ತೋ ಸಿಟ್ಟು. “ಮಲಗಿದ್ರೆ ಸ್ವಾಮಿ. ಬರ್ಕೊಳ್ಳಿ. ನಿಂತ್ರೆ ಉಸಿರು ಹೋಗುತ್ತೆ, ಮಲಗಿದ್ರೆ ಬರುತ್ತೆ. ಸೋಂಬೇರಿ ಅಂತಾನೂ ಬರ್ಕೊಳ್ಳಿ, ಎಲ್ಲಾರೂ ಬರ್ಕೊಂಡವ್ರೆ.”

ಅವರು ಏನೂ ಬರೆದುಕೊಳ್ಳಲಿಲ್ಲ. ಎದ್ದು ಬಂದು ನನ್ನ ಕೈ ಹಿಡಿದು ಉಗುರು ನೋಡಿದರು. ಹತ್ತು ನಿಮಿಷ ನಿಲ್ಲಿಸಿ ತುಟಿ ನೋಡಿದರು, ಮಲಗಿಸಿ ಮತ್ತೆ ನೋಡಿದರು. ಬಲಗಡೆ ಬೆನ್ನಿಗೆ ಸ್ಟೆತಾಸ್ಕೋಪು ಒತ್ತಿ ಬಹಳ ಹೊತ್ತು ಕೇಳಿಸಿಕೊಂಡರು. ಕೆಳತುಟಿಯ ಮೇಲಿನ ಕೆಂಪು ಚುಕ್ಕೆಗಳನ್ನು ಬೆರಳಿನಿಂದ ಒತ್ತಿ, ಮೂಗಿನಲ್ಲಿ ರಕ್ತ ಬರುತ್ತದಾ ಅಂದರು. ಬರುತ್ತದೆ ಅಂದೆ. ಮನೆಯಲ್ಲಿ ಇನ್ಯಾರಿಗೆ ಅಂದರು. ಅವ್ವನ ಕತೆ ಹೇಳಿದೆ, ಚೆನ್ನಿಯ ಕತೆ ಹೇಳಿದೆ. ಅವರ ಮುಖ ಗಂಭೀರವಾಯಿತು, ಆದರೆ ನನಗೆ ಯಾಕೋ ಸಮಾಧಾನವಾಯಿತು. ನನ್ನ ಮಾತನ್ನು ಒಬ್ಬರು ನಿಜ ಅಂದುಕೊಂಡು ಕೇಳಿದ್ದು ಅದೇ ಮೊದಲು.

“ನಿಮ್ಮದು ಟಿ.ಬಿ. ಅಲ್ಲ ಅನ್ಸುತ್ತೆ. ಜರಡಿ ಗೊತ್ತಲ್ಲ? ಶ್ವಾಸಕೋಶ ಒಂದು ಜರಡಿ ಇದ್ದಂಗೆ. ಮೈಯಿಂದ ಬಂದ ರಕ್ತ ಸಣ್ಣ ಸಣ್ಣ ನಾಳದಲ್ಲಿ ಸೋಸಿ, ಗಾಳಿ ತಗೊಂಡು ಆಚೆ ಹೋಗ್ಬೇಕು. ನಿಮಗೆ ಬಲಗಡೆ ಕೆಳಗೆ ಜರಡೀಲಿ ಒಂದು ದೊಡ್ಡ ತೂತಿದೆ ಅಂತ ನನ್ನ ಅನುಮಾನ. ರಕ್ತ ಗಾಳಿ ಮುಟ್ಟದೆ ಹಂಗೇ ದಾಟಿ ಹೋಗ್ತಿದೆ. ನಿಂತಾಗ ರಕ್ತ ಕೆಳಗಿಳಿಯುತ್ತೆ, ತೂತಿರೋದೂ ಕೆಳಗೆ. ಅದಕ್ಕೇ ಮಲಗಿದ್ರೆ ಆರಾಮು.”

“ಅನುಮಾನ ಅಂದ್ರೆ ನಮ್ಮತ್ತೆ ಒಪ್ಪಲ್ಲ ಸ್ವಾಮಿ. ಕಣ್ಣಿಗೆ ಕಾಣ್ಬೇಕು.”

“ಕಾಣೋ ಹಾಗೆ ಮಾಡೋ ಮೆಷಿನ್ ಬೆಂಗಳೂರಲ್ಲಿದೆ” ಅಂದು ಅವರು ಕಾಗದ ಬರೆಯತೊಡಗಿದರು.

ಮುಂದಿನ ಬುಧವಾರ ಗಂಡ ರಜೆ ಹಾಕಿ ನನ್ನನ್ನು ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದರು. ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆ ಮೆಷಿನ್. ಕಬ್ಬಿಣದ ಕತ್ತು, ತುದಿಯಲ್ಲಿ ಹಿಟ್ಟಿನ ಗಿರಣಿಯ ಕಲ್ಲಿನಷ್ಟು ಅಗಲದ ಮುಖ. ಅದನ್ನು ನಡೆಸುವವಳು ಕೌಸಲ್ಯ ಅಂತ, ನನ್ನ ವಯಸ್ಸಿನವಳೇ. ರಕ್ತಕ್ಕೆ ಸಣ್ಣ ಹರಳಿನಂಥ ಔಷಧಿ ಬಿಡುತ್ತಾರೆ, ಅದರಿಂದ ಒಂಥರಾ ಕಿರಣ ಬರುತ್ತದೆ, ಹರಳು ಎಲ್ಲಿ ಹೋಗಿ ನಿಂತಿತು ಅಂತ ಮೆಷಿನ್ನು ನೋಡುತ್ತದೆ. ಜರಡಿ ಸರಿಯಿದ್ದರೆ ಎಲ್ಲ ಹರಳೂ ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳಬೇಕು. ಇಷ್ಟನ್ನು ಅವಳು ತಾಳ್ಮೆಯಿಂದ ವಿವರಿಸಿದಳು. ಆಮೇಲೆ ಸೂಜಿ ಹಿಡಿದು, “ಮಲಕ್ಕೊಳ್ಳಿ” ಅಂದಳು.

“ಕೂತ್ಕೊಂಡು ಚುಚ್ಚಿಸ್ಕೋಬೇಕು. ಡಾಕ್ಟ್ರು ಬರೆದವ್ರೆ.”

“ಇಲ್ಲಿ ಎಲ್ಲರಿಗೂ ಮಲಗಿಸೇ ಕೊಡೋದು.”

“ಎಲ್ಲಾರಿಗೂ ನಿಂತ್ರೆ ಉಸಿರು ಹೋಗುತ್ತಾ? ಆ ಕಾಗದ ಪೂರ್ತಿ ಓದಮ್ಮಾ ತಾಯಿ.”

ನಾಲ್ಕು ವರ್ಷ ಮಲಗುವುದಕ್ಕಾಗಿ ಜಗಳ ಕಾಯ್ದವಳು ಅವತ್ತು ಕೂರುವುದಕ್ಕಾಗಿ ಜಗಳ ಕಾಯ್ದೆ. ಅವಳು ಕಾಗದ ಓದಿ, ಸುಮ್ಮನೆ ಕುರ್ಚಿ ತಂದು ಹಾಕಿದಳು. ಕೂತೇ ಚುಚ್ಚಿಸಿಕೊಂಡೆ. ಆಮೇಲೆ ಮೆಷಿನ್ನಿನ ಮುಖ ನನ್ನ ಎದೆಯ ಮೇಲೆ ಬಂತು. ಪಕ್ಕದ ಪರದೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಎರಡು ಶ್ವಾಸಕೋಶ ಮೂಡಿದವು. ಕೌಸಲ್ಯ ಮೆಷಿನ್ನಿನ ಮುಖವನ್ನು ಕೆಳಗೆ ಸರಿಸಿದಳು. ಎರಡು ಮೂತ್ರಪಿಂಡಗಳು ಅವರೆಬೀಜದ ಹಾಗೆ ಹೊಳೆಯುತ್ತಿದ್ದವು. ಮೇಲಕ್ಕೆ ಸರಿಸಿದಳು. ನನ್ನ ತಲೆಬುರುಡೆಯ ಒಳಗೆಲ್ಲ ಚುಕ್ಕೆಗಳು.

“ಔಷಧಿ ಕೆಟ್ಟಿರ್ಬೇಕು. ಇನ್ನೊಂದು ದಿನ ಬನ್ನಿ” ಅಂದಳು.

“ಇನ್ನೊಂದು ದಿನ ನನ್ನ ಮನೇಲಿ ಮದ್ವೆ ಐತೆ. ನನ್ನ ಗಂಡಂದು. ನಿಮ್ಮ ದೊಡ್ಡೋರ್ನ ಕರೀರಿ.”

ಅವಳು ನನ್ನ ಮುಖವನ್ನೂ ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನ ಮುಖವನ್ನೂ ನೋಡಿ ಓಡಿಹೋಗಿ ಅಲ್ಲಿಯ ದೊಡ್ಡ ಡಾಕ್ಟರನ್ನು ಕರೆತಂದಳು. ಅವರು ಪರದೆ ನೋಡಿ ತಲೆ ಅಲ್ಲಾಡಿಸಿದರು. “ಔಷಧಿ ಕೆಟ್ಟಿದ್ರೆ ಅದು ಹೋಗಿ ಕತ್ತಿನ ಗ್ರಂಥೀಲಿ ಸೇರ್ಕೊಂಡು ಕಾಣ್ಬೇಕಿತ್ತು. ಅಲ್ಲಿ ಏನೂ ಇಲ್ಲ, ತಲೇಲಿದೆ. ಔಷಧಿ ಸರಿಯಾಗಿದೆ. ಈಯಮ್ಮನ ರಕ್ತ ದಾರಿ ತಪ್ಪಿದೆ. ಮೂರನೇ ಒಂದು ಪಾಲು ಸೋಸದೆ ಆಚೆ ಹೋಗ್ತಿದೆ.”

ರೈಲಿನಲ್ಲಿ ವಾಪಸು ಬರುವಾಗ, ಡಾಬಸ್‌ಪೇಟೆ ದಾಟಿದ ಮೇಲೆ ಗಂಡ ನನ್ನ ಪಕ್ಕಕ್ಕೆ ಬಂದು ಕೂತರು. ಆಮೇಲೆ, “ಹಂಗಾದ್ರೆ ನೀನು ನಾಟ್ಕ ಆಡ್ತಿರ್ಲಿಲ್ಲ” ಅಂದರು.

“ಜೊತೇಲಿ ಸಂಸಾರ ಮಾಡಿದೋರ್ಗೆ ಇದನ್ನ ಹೇಳಕ್ಕೆ ಬೆಂಗಳೂರಿನ ಮೆಷಿನ್ನೇ ಬೇಕಾಯ್ತಲ್ಲ” ಅಂದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಸುಬ್ಬಕೃಷ್ಣ ಡಾಕ್ಟರು ಆ ಚಿತ್ರಗಳನ್ನು ಬೆಳಕಿಗೆ ಹಿಡಿದು ನಮಗೆಲ್ಲ ತೋರಿಸಿದರು. ಬಲ ಶ್ವಾಸಕೋಶದ ಕೆಳಭಾಗ ತೆಗೆದುಹಾಕಿದರೆ ತೂತು ಹೋಗುತ್ತದೆ, ವಾಸಿಯಾಗುತ್ತದೆ. ತೆಗೆಯದಿದ್ದರೆ ಯಾವತ್ತೋ ಒಂದು ದಿನ ರಕ್ತದ ಹೆಪ್ಪು ಸೋಸದೆ ತಲೆಗೆ ಹೋಗಬಹುದು, ನಿಮ್ಮ ತಾಯಿಗೆ ಆದದ್ದೂ ಇದೇ ಇರಬೇಕು ಅಂದರು. ಕೊನೆಗೆ, “ಇದು ಮನೆತನದಲ್ಲಿ ಬರೋ ಕಾಯಿಲೆ. ಮೂಗಿನ ರಕ್ತ ಉಷ್ಣ ಅಲ್ಲ. ನಿಮ್ಮ ತಂಗೀನೂ ಇದೇ ಪರೀಕ್ಷೆ ಮಾಡಿಸ್ಬೇಕು” ಅಂದರು.

ಅತ್ತೆಗೆ ಅಷ್ಟು ಸಾಕಾಗಿತ್ತು. “ಗೊತ್ತಾಯ್ತು ಬುಡಿ. ಸವತಿ ಬರ್ಬಾರ್ದು ಅಂತ ತಂಗೀಗೂ ರೋಗ ಅಂಟಿಸ್ತವ್ಳೆ. ಡಾಕ್ಟ್ರ ಬಾಯಲ್ಲಿ ಹೇಳಿಸ್ತವ್ಳೆ. ಇಷ್ಟೆಲ್ಲ ತಿಳಿದ್ಮೇಲೆ ಮಾರ್ಗಶಿರದ ತನಕ ಯಾಕೆ, ಆಪರೇಷನ್ನಿಗೆ ಮುಂಚೇನೇ ಮದ್ವೆ ಮುಗ್ಸಾಣ. ಇವಳು ಟೇಬಲ್ ಮೇಲೇ ಹೋದ್ರೆ ನನ್ನ ಮಗನ್ನ ನೋಡೋರು ಯಾರು?”

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ಕ್ಷಣದಲ್ಲೇ ನನ್ನ ಮನಸ್ಸು ಚೆನ್ನಿಯ ಎದೆಯಲ್ಲೂ ತೂತಿರಲಿ ಅಂತ ಬಯಸಿತು. ತೂತಿದ್ದರೆ ಅವಳನ್ನು ಯಾರೂ ಸೊಸೆ ಮಾಡಿಕೊಳ್ಳುವುದಿಲ್ಲ, ನನ್ನ ಮನೆ ನನಗೆ ಉಳಿಯುತ್ತದೆ. ಚಿತ್ರ ಚೊಕ್ಕವಾಗಿ ಬಂದರೆ ನಾನೇ ಅವಳ ಕೈ ಹಿಡಿದು ಹಸೆಮಣೆಗೆ ಕೂರಿಸಿದ ಹಾಗೆ. ಥೂ, ಎಂಥ ಯೋಚನೆ ಅಂತ ನನಗೇ ಹೇಸಿಗೆಯಾಯಿತು. ಅವ್ವ ಸತ್ತ ಮೇಲೆ ಆ ಹುಡುಗಿಯ ತಲೆ ಬಾಚಿದವಳು ನಾನು. ಬದುಕುತ್ತಾಳೋ ಇಲ್ಲವೋ ನೋಡುವುದು ಮೊದಲು, ಮಿಕ್ಕದ್ದು ಆಮೇಲೆ.

“ಡಾಕ್ಟ್ರೇ” ಅಂದೆ, “ಚೆನ್ನೀದು ಫೋಟೋ ಬರೋ ತನಕ ನಾನು ಆಪರೇಷನ್ನಿಗೆ ಬರಲ್ಲ. ಅಲ್ಲೀತನಕ ಯಾರೂ ಮದ್ವೆ ಮಾತು ಎತ್ತೋ ಹಂಗೂ ಇಲ್ಲ. ಎತ್ತಿದ್ರೆ ನಮ್ಮೋರು ಕೆಲ್ಸ ಮಾಡೋ ವರ್ಕ್‌ಶಾಪಿನ ಬಾಗಿಲಿಗೆ ಹೋಗಿ, ಅಲ್ಲೇ ಚಾಪೆ ಹಾಸ್ಕೊಂಡು ಮಲಗ್ತೀನಿ. ಮಲಗೋದು ನನಗೆ ಚೆನ್ನಾಗಿ ಬರುತ್ತೆ, ಕೇಳ್ನೋಡಿ.”

ಡಾಕ್ಟರು ಕೆಮ್ಮಿದಂತೆ ಮಾಡಿ ನಗು ನುಂಗಿದರು.

ತವರಿಗೆ ಒಬ್ಬಳೇ ಹೋದೆ. ತುಮಕೂರಿನಿಂದ ಕುಣಿಗಲ್ ಬಸ್ಸಿನಲ್ಲಿ ಹಿಂದಿನ ಉದ್ದನೆಯ ಸೀಟಿನ ಮೇಲೆ ಕಾಲು ಚಾಚಿ ಮಲಗಿಕೊಂಡೆ. ಕಂಡಕ್ಟರು ಏಳಮ್ಮ ಅಂದ. ಎದ್ದರೆ ಸಾಯ್ತೀನಿ, ಹೆಣ ಇಳಿಸ್ತೀಯಾ ಅಂದೆ. ಆಮೇಲೆ ಅವನೇ ಆ ಸೀಟಿಗೆ ಯಾರನ್ನೂ ಬಿಡಲಿಲ್ಲ.

ಅಪ್ಪ ಚಿಕ್ಕರಂಗಯ್ಯ ಜಗುಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ವಿಷಯ ಕೇಳಿ ಮುಖ ಕಪ್ಪು ಮಾಡಿಕೊಂಡ.

“ಮೆಷಿನ್ನಿಗೆ ಹಾಕ್ಸಿದ್ರೆ ಊರಿಗೆಲ್ಲ ಗೊತ್ತಾಯ್ತದೆ. ಆಮೇಕೆ ಇವಳನ್ನ ಯಾರು ತಗೋತಾರೆ? ನಿನ್ನತ್ತೆ ಒಪ್ಪವ್ಳೆ, ಅದೇ ಹೆಚ್ಚು.”

“ಅವ್ವನ್ನ ಗಾಳಿ ಅಂತ ಕಳ್ಕೊಂಡ್ವಿ ಅಪ್ಪಾ. ಇವಳನ್ನ ಉಷ್ಣ ಅಂತ ಕಳ್ಕೊಳ್ಳಾಕೆ ನಾನು ಬುಡಲ್ಲ.”

“ನಿನ್ನ ಹೊಟ್ಟೆಕಿಚ್ಚು ಕಣೇ ಇದು.”

“ಇರ್ಲಿ. ಹೊಟ್ಟೆಕಿಚ್ಚೇ ಅನ್ಕೋ. ಆದ್ರೂ ಕರ್ಕೊಂಡೋಗ್ತೀನಿ.”

ಇಷ್ಟು ಹೇಳುವಷ್ಟರಲ್ಲಿ ನನಗೆ ನಿಲ್ಲಲಾಗದೆ ಜಗುಲಿಯ ಕಂಬಕ್ಕೆ ಒರಗಿದೆ. ಚೆನ್ನಿ ಒಳಗಿನಿಂದ ಬಟ್ಟೆಯ ಚೀಲ ಹಿಡಿದು, ಚಪ್ಪಲಿ ಮೆಟ್ಟಿಕೊಂಡೇ ಬಂದಳು. ಅಪ್ಪನ ಕಡೆ ನೋಡಲೂ ಇಲ್ಲ. ನನ್ನ ತೋಳು ಹಿಡಿದು ರಸ್ತೆಯ ತನಕ ಅವಳೇ ನಡೆಸಿದಳು.

ಹತ್ತು ದಿನ ಬಿಟ್ಟು ಸುಬ್ಬಕೃಷ್ಣ ಡಾಕ್ಟರ ಕ್ಲಿನಿಕ್ಕಿನಲ್ಲಿ ಎಲ್ಲರೂ ಸೇರಿದೆವು. ಅತ್ತೆ, ಗಂಡ, ತವರಿನಿಂದ ಅಪ್ಪ, ನಾನು, ಚೆನ್ನಿ. ಬೆಂಗಳೂರಿನಿಂದ ಚೆನ್ನಿಯ ಚಿತ್ರ ಬಂದಿತ್ತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು. ಎರಡು ಶ್ವಾಸಕೋಶ ತುಂಬಿಕೊಂಡಿದ್ದವು. ಕೆಳಗೆ ಕತ್ತಲೆ, ಮೇಲೆ ತಲೆಯ ಜಾಗದಲ್ಲೂ ಕತ್ತಲೆ.

“ಇವರಿಗೆ ತೂತಿಲ್ಲ. ಮೂಗಿನ ತೊಂದರೆ ಇದೆ, ಒಂದೆರಡು ವರ್ಷಕ್ಕೆ ಒಂದ್ಸಲ ನೋಡಿಸ್ತಿರ್ಬೇಕು. ಸದ್ಯಕ್ಕೆ ಭಯ ಇಲ್ಲ.”

ನನಗೆ ಅಳು ಬಂತು. ಸಂತೋಷಕ್ಕೆ ಬಂತು, ಅದು ಸತ್ಯ. ಅದರ ಹಿಂದೆಯೇ ಇನ್ನು ನನ್ನ ಮನೆ ಹೋಯಿತು ಅನ್ನಿಸಿತು, ಅದೂ ಸತ್ಯ. ಅತ್ತೆ ಸೆರಗು ಸರಿಮಾಡಿಕೊಂಡು ಅಪ್ಪನ ಕಡೆ ತಿರುಗಿದ್ದರು.

“ಕೇಳಿದ್ರಲ್ಲ ಬೀಗ್ರೇ. ದೇವರು ದೊಡ್ಡೋನು. ಇನ್ನೇನು ಅಡ್ಡಿ? ಬರೋ ವಾರಾನೇ ಒಂದು ದಿನ ನೋಡಿ.”

ಅಪ್ಪ ತಲೆ ಆಡಿಸಿದ. ಡಾಕ್ಟರು ಬೇಸರದಿಂದ ಮೇಜಿನ ಮೇಲಿದ್ದ ಬೇರೊಂದು ಕಾಗದವನ್ನು ಮುಂದಕ್ಕೆ ತಳ್ಳಿದರು. ಅದು ನನ್ನ ಆಪರೇಷನ್ನಿನ ಒಪ್ಪಿಗೆ ಪತ್ರ. “ಮೊದ್ಲು ಇದು. ನಾಳೆ ಬೆಂಗಳೂರಲ್ಲಿ ಅಡ್ಮಿಟ್ ಆಗ್ಬೇಕು. ಕೆಳಗಡೆ ತಿಪ್ಪಮ್ಮನೋರು ಹಾಕಿದಾರೆ, ಮೇಲ್ಗಡೆ ಮನೆಯೋರು ಯಾರಾದ್ರೂ ಸೈನ್ ಹಾಕ್ಬೇಕು.”

ಗಂಡ ಪೆನ್ನು ತೆಗೆದುಕೊಂಡರು. ಅತ್ತೆ, “ಮದ್ವೆ ದಿನ ಗೊತ್ತಾಗ್ಲಿ, ಆಮೇಲೆ ಹಾಕು” ಅಂದರು. ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. ನನ್ನ ಗಂಡನ ಕೈಯನ್ನು ನಾನು ನೋಡುತ್ತಾ ಕೂತೆ. ಕಬ್ಬಿಣವನ್ನು ಕೂದಲೆಳೆಯಷ್ಟು ಲೆಕ್ಕದಲ್ಲಿ ಕಡೆಯುವ ಕೈ, ತನ್ನ ಹೆಸರು ಬರೆಯಲು ಆಗದೆ ಹಾಗೇ ಇತ್ತು. ಮಾತಾಡೋಣ ಅಂದರೆ ನನಗೆ ಉಸಿರು ಮೇಲಕ್ಕೆ ಬರುತ್ತಿರಲಿಲ್ಲ.

ಚೆನ್ನಿ ಎದ್ದು ನಿಂತಳು.

“ಅತ್ತೆ, ಒಂದ್ ಮಾತು. ನನ್ನ ಫೋಟೋದಲ್ಲಿ ತೂತು ಇದ್ದಿದ್ರೆ ನೀವು ಆಸ್ಪತ್ರೆಗೆ ಸೇರಿಸ್ತಿದ್ರಾ, ವಾಪಸ್ ಕಳಿಸ್ತಿದ್ರಾ?”

ಅತ್ತೆ ಅಪ್ಪನ ಮುಖ ನೋಡಿದರು.

“ನಾನು ಚೆನ್ನಾಗಿದ್ರೆ ತನ್ನ ಮನೆ ಹೋಗುತ್ತೆ ಅಂತ ಅಕ್ಕಂಗೆ ಗೊತ್ತಿತ್ತು. ಆದ್ರೂ ಕರ್ಕೊಂಡೋದ್ಲು. ನಿಂತ್ಕೊಳ್ಳಕ್ಕೆ ಆಗ್ದೇ ಇರೋಳು ಬಸ್ಸಲ್ಲಿ ಮಲಕ್ಕೊಂಡು ಬಂದು ಕರ್ಕೊಂಡೋದ್ಲು. ನೀವೆಲ್ಲ ಹೊಟ್ಟೆಕಿಚ್ಚು ಅಂದ್ರಿ. ನನಗೆ ಶ್ವಾಸಕೋಶ ಚೆನ್ನಾಗಿದೆಯಂತೆ, ಅದಕ್ಕೇ ಉಸಿರು ಕಟ್ಟದೆ ಹೇಳ್ತಿದೀನಿ. ನಾನು ಭಾವನ್ನ ಮದ್ವೆ ಆಗಲ್ಲ. ಈ ವಾರಾನೂ ಆಗಲ್ಲ, ಅಕ್ಕ ಸತ್ರೂ ಆಗಲ್ಲ.”

ಅಪ್ಪ ಕೈ ಎತ್ತಿಕೊಂಡು ಎದ್ದ. ನಾನು ಅಡ್ಡ ನಿಂತೆ. ಕಣ್ಣು ಕತ್ತಲೆ ಬಂತು, ತುಟಿ ಕಪ್ಪಾಗಿರಬೇಕು, ಆದರೂ ನಿಂತೆ. “ಹೊಡಿ ಅಪ್ಪಾ. ಡಾಕ್ಟ್ರು ಇಲ್ಲೇ ಅವ್ರೆ, ಯಾರಿಗೆ ಬಿದ್ರೂ ಪಟ್ಟಿ ಕಟ್ತಾರೆ.” ಎತ್ತಿದ ಕೈಯನ್ನು ಏನು ಮಾಡಬೇಕು ತಿಳಿಯದೆ ಅವನು ಪೇಟ ಸರಿಮಾಡಿಕೊಂಡು ಕೂತ.

ಚೆನ್ನಿ ನನ್ನನ್ನು ಹಿಡಿದು ಪರೀಕ್ಷೆಯ ಮಂಚದ ಮೇಲೆ ಮಲಗಿಸಿದಳು. ಆಮೇಲೆ ಮೇಜಿನ ಹತ್ತಿರ ಹೋಗಿ, ಭಾವನ ಬೆರಳುಗಳ ನಡುವಿನಿಂದ ಪೆನ್ನನ್ನು ಮೆಲ್ಲಗೆ ಬಿಡಿಸಿಕೊಂಡಳು.

“ಹತ್ತೊಂಬತ್ತು ತುಂಬಿದೆ ಡಾಕ್ಟ್ರೇ. ನಾನು ಹಾಕಬಹುದಾ?”

“ಹಾಕಬಹುದು.”

ಅವಳು ತನ್ನ ಮುದ್ದು ಅಕ್ಷರದಲ್ಲಿ ಹೆಸರು ಬರೆದಳು. ಅದರ ಪಕ್ಕದಲ್ಲಿ ಇನ್ನೊಂದು ಖಾಲಿ ಜಾಗವಿತ್ತು, ರೋಗಿಗೆ ನಿಮ್ಮ ಸಂಬಂಧ ಅಂತ. ಅತ್ತೆಯ ಮುಖವನ್ನು ಒಮ್ಮೆ ನೇರವಾಗಿ ನೋಡಿ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿಕೊಳ್ಳುತ್ತಾ ಬರೆದಳು: “ತಂಗಿ.”